ಕೇಳಿಸುವುದಕ್ಕೆ ಮೊದಲು

ಹೆಬ್ಬೆರಳಿನಿಂದ ಮೇಲಕ್ಕೆ ತಳ್ಳಿದರೆ ಪಟ್ಟಿ ಸಲೀಸಾಗಿ ಏರುತ್ತಿತ್ತು. ಕಳೆದುಹೋದ ಕಂದು ಹಸು, ಬಿಷ್ಕೆಕ್‌ನಿಂದ ಊರಿಗೆ ಹೊರಟ ಕಾರಿನಲ್ಲಿ ಉಳಿದಿರುವ ಒಂದು ಸೀಟು, ಸೊಸೆ ತಂದವರ ಮನೆಯ ಔತಣದ ಕರೆ, ಮಾರಾಟಕ್ಕಿರುವ ಹುಲ್ಲಿನ ಹೊರೆಗಳು. ಆಮೇಲೆ ಒಂದು ಜಾಗಕ್ಕೆ ಬಂದೊಡನೆ ಪರದೆ ಒಮ್ಮೆ ಬಿಳಿಚಿಕೊಂಡು ಇಡೀ ಆ್ಯಪೇ ಮುಚ್ಚಿಹೋಗುತ್ತಿತ್ತು. ಎರ್ಮೆಕ್ ಮತ್ತೆ ತೆರೆಯುತ್ತಿದ್ದ, ಮತ್ತೆ ತಳ್ಳುತ್ತಿದ್ದ, ಅದು ಮತ್ತೆ ಅದೇ ಜಾಗದಲ್ಲಿ ಮುಚ್ಚಿಕೊಳ್ಳುತ್ತಿತ್ತು. ಅವನಿಗೆ ಬೇಸರವೂ ಆಗುತ್ತಿರಲಿಲ್ಲ, ಕುತೂಹಲವೂ ಇರಲಿಲ್ಲ. ಕಿಟಕಿಯಾಚೆ ಬಿಷ್ಕೆಕ್‌ನ ಬೀದಿಯ ಮೂಲೆಯಲ್ಲಿ ನೀಲಿ ಪೀಪಾಯಿ ಇಟ್ಟುಕೊಂಡು ಕೂತ ಹೆಂಗಸು ಲೋಟಕ್ಕೆ ಮಾಕ್ಸಿಮ್ ಎಂಬ ಹುಳಿ ಅಂಬಲಿ ಬಗ್ಗಿಸುವುದು ಕಾಣುತ್ತಿತ್ತು. ಅವಳು ಒಂದು ಲೋಟ ತುಂಬಿಸುವಷ್ಟರಲ್ಲಿ ಆ್ಯಪು ಇನ್ನೊಂದು ಸಲ ಬೀಳುತ್ತಿತ್ತು. ಬೀಳುವುದನ್ನು ನೋಡುವುದೇ ತನ್ನ ಕೆಲಸ, ಎಲ್ಲಿ ಬೀಳುತ್ತದೆ, ಬೀಳುವುದಕ್ಕೆ ಮುಂಚೆ ಯಾವುದನ್ನು ಮುಟ್ಟಿತ್ತು ಎಂದು ಗಮನಿಸುವುದು. ಏನು ಬರೆದಿದೆ ಎಂದು ಓದುವುದು ಅವನ ಕೆಲಸವಾಗಿರಲಿಲ್ಲ. ಹಸು ಸಿಕ್ಕಿತೋ ಇಲ್ಲವೋ ಅವನಿಗೆ ಗೊತ್ತಿರಲಿಲ್ಲ, ಆದರೆ ಹಸುವಿನ ಸಾಲಿನ ಎತ್ತರ ಅವನಿಗೆ ಗೊತ್ತಿತ್ತು.

ಹಸು ಸಿಕ್ಕಿತೋ ಇಲ್ಲವೋ ಎಂದು ನೋಡಲು ಹೋದವಳು ಅವನ ತಾಯಿ ಕುಲಿಪಾ. ಕೊಚ್ಕೋರಿನ ಕಡೆಯ ಊರಿನಿಂದ ಬೆಳಿಗ್ಗೆ, ಅವನಿನ್ನೂ ಚಹಾ ಕುಡಿಯುತ್ತಿದ್ದಾಗಲೇ ಫೋನು ಮಾಡಿದ್ದಳು. "ನಿನ್ನ ಕೊಂಶು ನನ್ನ ಮುಖಕ್ಕೇ ಬಾಗಿಲು ಹಾಕ್ತದೆ ಕಣೋ," ಅಂದಳು. ಕೊಂಶು ಅಂದರೆ ನೆರೆಮನೆಯವರು. ಅವರ ಕಣಿವೆಯ ಊರುಗಳವರು, ಆ ಊರುಗಳನ್ನು ಬಿಟ್ಟು ದೂರ ದುಡಿಯಲು ಹೋದವರು, ಎಲ್ಲರೂ ಸುದ್ದಿ ಹಾಕಿಕೊಳ್ಳಲಿ ಎಂದು ಎರ್ಮೆಕ್‌ನ ಕಚೇರಿಯವರು ಕಟ್ಟಿದ ಆ್ಯಪಿಗೆ ಅದೇ ಹೆಸರು. "ಪಕ್ಕದ ಮನೆಯವಳ ಹಸು ಸಿಕ್ತೇನೋ ನೋಡೋಣ ಅಂತ ಮೇಲಕ್ಕೆ ತಳ್ತೀನಿ, ಪಟ್ ಅಂತ ಮುಚ್ಕೊಳ್ತದೆ. ನೀನು ಕಟ್ಟಿದ ಮನೆಗೆ ಇಂಥ ಬಾಗಿಲೇನೋ?"

"ಸರಿ ಮಾಡ್ತೀನಿ ಅಪಾ," ಅಂದ. ತಾಯಿಯನ್ನು ಅವನು ಕರೆಯುತ್ತಿದ್ದದ್ದು ಹಾಗೆ.

"ಸತಾರ್ ಫೋನೂ ಹತ್ತಾ ಇಲ್ಲ ನಿನ್ನೆಯಿಂದ. ಅದೂ ನಿಂದೇ ಕೆಲಸಾನಾ?"

"ಅದು ನಂದಲ್ಲ ಅಪಾ."

"ಮತ್ತೆ ನಿಂದು ಯಾವುದು ಹೇಳಪ್ಪ," ಎಂದು ನಕ್ಕಿದ್ದಳು. ಆ ನಗು ಅವಳ ತಮ್ಮ ಸತಾರ್‌ನದೇ. ಇಬ್ಬರೂ ಮೂಗಿನಲ್ಲಿ ನಗುವವರು. ಬೇಸಿಗೆಯ ಹುಲ್ಲುಗಾವಲಿನಲ್ಲಿ, ಸಂಜೆ ಕುರಿಗಳು ದೊಡ್ಡಿಗೆ ನುಗ್ಗುವ ಕಿರಿದಾದ ಬಾಯಲ್ಲಿ ಎರ್ಮೆಕ್‌ನನ್ನು ನಿಲ್ಲಿಸಿ ಎಣಿಸಲು ಹೇಳುತ್ತಿದ್ದ ಸೋದರಮಾವ ಅವನು. ಎಣಿಕೆ ಪ್ರತಿಸಲ ತಪ್ಪುತ್ತಿತ್ತು. ಕುರಿ ಎಣಿಸುವವನು ಕುರಿಯನ್ನು ನೋಡಬಾರದು, ಬಾಯಿಯನ್ನು ನೋಡಬೇಕು ಅನ್ನುತ್ತಿದ್ದ ಸತಾರ್, ನೀನು ಒಂದೊಂದರ ಮುಖವನ್ನೂ ನೋಡ್ತಾ ನಿಂತ್ಕೋತೀಯ, ಅದಕ್ಕೇ ತಪ್ಪುತ್ತೆ. ಆಮೇಲೆ ಎಲ್ಲರೆದುರೂ ಇಡೀ ಹಿಂಡನ್ನು ಹೊರಗೆ ಹೊಡೆದು ಮತ್ತೆ ಒಳಗೆ ಬಿಡಿಸುತ್ತಿದ್ದ. ಹೆಂಗಸರು ಹಾಲು ಕರೆಯುವುದು ಬಿಟ್ಟು ನೋಡುತ್ತಿದ್ದರು. ಎರ್ಮೆಕ್ ಕಾಲುಗಳನ್ನಷ್ಟೇ ನೋಡುವುದನ್ನು ಹಾಗೆ ಕಲಿತ. ಆಗ ಲೆಕ್ಕ ಸರಿಹೋಯಿತು.

ಈಗಿನ ಲೆಕ್ಕವೂ ಅಂಥದೇ. ಔತಣದ ಮನೆಯಲ್ಲಿ ಬಟ್ಟಲುಗಳು ಕೆಲವೇ ಇದ್ದು ಅತಿಥಿಗಳು ಹೆಚ್ಚಿದ್ದಾಗ ಚಹಾ ಬಗ್ಗಿಸುವ ಸೊಸೆ ಕುಡಿದಿಟ್ಟ ಬಟ್ಟಲನ್ನೇ ಚಕ್ಕನೆ ತೊಳೆದು ಮುಂದಿನವರಿಗೆ ಕೊಡುತ್ತಾಳಲ್ಲ, ಪಟ್ಟಿಯೂ ಹಾಗೆಯೇ ಮಾಡುತ್ತದೆ. ಮೇಲೆ ಮರೆಯಾದ ಸಾಲನ್ನು ತೊಳೆದು ಹೊಸ ಮಾತು ತುಂಬಿ ಕೆಳಗಿನಿಂದ ತರುತ್ತದೆ. ನೋಡುವವನಿಗೆ ಸಾವಿರ ಸಾಲು ಇದ್ದ ಹಾಗೆ ಕಾಣುತ್ತದೆ, ಇರುವುದು ಬೆರಳೆಣಿಕೆಯಷ್ಟು. ಆದರೆ ಕೂತವರೆಷ್ಟು ಎಂಬುದು ಆ ಸೊಸೆಗೆ ಗೊತ್ತಿರಬೇಕು. ಅತಿಥಿಯೊಬ್ಬ ಎದ್ದುಹೋದದ್ದನ್ನು ಯಾರೂ ಹೇಳದಿದ್ದರೆ ಅವಳು ಖಾಲಿ ಜಾಗಕ್ಕೆ ಬಟ್ಟಲು ನೀಡುತ್ತಾಳೆ, ಬಟ್ಟಲು ಬೀಳುತ್ತದೆ. ಯಾರೋ ಒಬ್ಬರು ಏನನ್ನೋ ಹಾಕಿ, ಆಮೇಲೆ ಅಳಿಸಿದ್ದರು. ಅಳಿಸಿದ್ದನ್ನು ಪಟ್ಟಿಗೆ ಯಾರೂ ಹೇಳಿರಲಿಲ್ಲ.

"ಹೇಳಿಬಿಡು ಅಷ್ಟೆ," ಅಂದಳು ವೆನೇರಾ. ಕಚೇರಿಯಲ್ಲಿ ಅವನಿಗಿಂತ ಹಿರಿಯಳು, ಎಲ್ಲರೂ ಅಕ್ಕಾ ಅನ್ನುತ್ತಿದ್ದರು. ಅವನ ಕುರ್ಚಿಯ ಹಿಂದೆ ನಿಂತು ಸಮ್ಸಾ ತಿನ್ನುತ್ತಿದ್ದಳು, ಪದರಿನ ಚೂರುಗಳು ಅವನ ಹೆಗಲ ಮೇಲೆ ಉದುರುತ್ತಿದ್ದವು. "ಹೋದ ಸಾಲು ಹೋಯ್ತು ಅಂತ ಮೊದಲು ಪಟ್ಟಿಗೆ ಹೇಳು, ಆಮೇಲೆ ತೆಗಿ. ಹೇಳಿದರೆ ಅದು ಸುಮ್ನಿರುತ್ತೆ. ಹೇಳದೆ ಕಿತ್ಕೊಂಡ್ರೆ ಬೀಳದೆ ಇನ್ನೇನು ಮಾಡುತ್ತೆ ಪಾಪ."

"ಅದಕ್ಕೆ ಸಂಜೆ ಆಗುತ್ತಕ್ಕಾ. ಎಲ್ಲಾ ಕಡೆ ಬದಲಾಯಿಸ್ಬೇಕು."

"ಸಂಜೆ ಆಗ್ಲಿ. ಯಾರು ಓಡ್ತಿದಾರೆ?"

ಯಾರೂ ಓಡುತ್ತಿರಲಿಲ್ಲ. ಅಪಾ ಕಾಯುತ್ತಿದ್ದಳು ಅಷ್ಟೆ. ಅಥವಾ ಕಾಯುತ್ತಲೂ ಇರಲಿಲ್ಲವೇನೋ, ಹಿಟ್ಟು ಕಲಸುತ್ತಿದ್ದಳೇನೋ, ಗುರುವಾರ. ಸತ್ತವರ ಆತ್ಮಗಳಿಗೆ ಎಣ್ಣೆಯ ಘಮ ಮುಟ್ಟಲಿ ಎಂದು ಅವಳು ಪ್ರತಿ ಗುರುವಾರ ಒಂದಿಷ್ಟು ಬೋರ್ಸೋಕ್ ಕರಿಯುವವಳು. ಕರಿದು ಮುಗಿಸಿ, ಕೈ ಒರೆಸಿಕೊಂಡು, ಇನ್ನೊಮ್ಮೆ ತೆರೆದು ನೋಡುತ್ತಾಳೆ. ಅದು ಇನ್ನೊಮ್ಮೆ ಮುಚ್ಚಿಕೊಳ್ಳುತ್ತದೆ. ಅವಳು ಮೂಗಿನಲ್ಲಿ ನಗುತ್ತಾಳೆ. ಆ ನಗು ಅವನಿಗೆ ಬೇಡವಾಗಿತ್ತು. ವೆನೇರಾ ಊಟಕ್ಕೆ ಇಳಿದು ಹೋದ ಮೇಲೆ ಎರ್ಮೆಕ್ ಸುಲಭದ ದಾರಿ ಹಿಡಿದ. ಈ ಕ್ಷಣ ಏನಿದೆ ಏನಿಲ್ಲ ಎಂದು ಪಟ್ಟಿ ಕೇಳಿಕೊಳ್ಳುವುದೇ ಬೇಡ. ಪ್ರತಿ ಫೋನೂ ಬೆಳಿಗ್ಗೆ ತನ್ನೊಳಗೆ ಇಳಿಸಿಕೊಂಡಿರುವ ನಕಲು ಇದೆಯಲ್ಲ, ಅದನ್ನೇ ತೋರಿಸಲಿ. ನಕಲಿನಲ್ಲಿ ಯಾರೂ ಎದ್ದುಹೋಗಿರುವುದಿಲ್ಲ. ಎಲ್ಲರೂ ಕೂತೇ ಇರುತ್ತಾರೆ.

ತಳ್ಳಿದ. ಏರಿತು. ಹಸು, ಸೀಟು, ಔತಣ, ಹುಲ್ಲು, ಆಮೇಲೆ ಆ ಜಾಗ. ಅಳಿಸಿಹೋಗಿದ್ದ ಸಾಲು ಅಲುಗಾಡದೆ ಬಂತು. ಬಿಳಿ ಕಲ್ಪಾಕ್ ಟೋಪಿ ಹಾಕಿದ, ಮೀಸೆಯ ಗಂಡಸೊಬ್ಬನ ಹಳೆಯ ಫೋಟೋ, ಕೆಳಗೆ ಕೆಲವು ಸಾಲು ಬರಹ. ಫೋಟೋ ಎಳೆದಂತಿತ್ತು, ಮುಖ ಉದ್ದವಾಗಿ ಗಲ್ಲ ಕೆಳಗೆ ಜೋತಿತ್ತು. ಇದು ಹಳೆಯ ತಕರಾರು, ಎಲ್ಲರ ಮುಖವೂ ಹೀಗೇ ಎಂದು ಊರಿನವರು ಗೇಲಿ ಮಾಡುತ್ತಿದ್ದರು. ಕೈಯಲ್ಲಿ ಇದೆಯಲ್ಲ ಎಂದು ಅದನ್ನೂ ಸರಿಪಡಿಸಿದ. ಹಣೆಯಿಂದ ಗಲ್ಲದವರೆಗಿನ ಅಳತೆಯನ್ನು ಅಗಲಕ್ಕೆ ಹೊಂದಿಸಿದ, ಮುಖ ನೆಟ್ಟಗಾಯಿತು. ಬರಹದ ಕೊನೆ ಅಂಚಿನಲ್ಲಿ ಕತ್ತರಿಸಿಹೋಗುತ್ತಿದೆಯೇ ಎಂದು ನೋಡಿದ, ಇರಲಿಲ್ಲ. ಮೇಲಕ್ಕೆ ತಳ್ಳಿದ, ಕೆಳಕ್ಕೆ ಎಳೆದ, ಜೋರಾಗಿ ತಳ್ಳಿದ, ಮುಖ ಹಾದುಹೋಯಿತು, ಬಂತು, ಹಾದುಹೋಯಿತು. ತಿದ್ದುಪಡಿಯನ್ನು ಎಲ್ಲ ಫೋನುಗಳಿಗೂ ಬಿಟ್ಟ. ಅಪಾಗೆ ಫೋನು ಮಾಡಿ, "ಒಂದ್ಸಲ ಪೂರ್ತಿ ಮುಚ್ಚಿ ತೆಗಿ ಅಪಾ, ಈಗ ನೋಡು," ಅಂದ. "ಕೈಯೆಲ್ಲ ಹಿಟ್ಟು. ಆಮೇಲೆ ನೋಡ್ತೀನಿ ನನ್ನ ಕುದುರೆಮರಿ," ಅಂದಳು. ನೋಡು ಅಪಾ, ಮರೀಬೇಡ ಎಂದು ಅವನು ಮತ್ತೊಮ್ಮೆ ಹೇಳಿದ. ಹೇಳಿದ್ದು ಆಮೇಲೆ ಎಷ್ಟೋ ಸಲ ಕಿವಿಗೆ ಬಿತ್ತು, ಬೇರೆ ಯಾರೋ ಹೇಳಿದ ಹಾಗೆ, ಸ್ವಲ್ಪ ಹೆಮ್ಮೆಯ ಆ ದನಿ.

ಕಾಸಿಮಾಲಿ ಅಜ್ಜನ ಫೋನು ಬಂದಾಗ ಅವನು ಬೀದಿಯ ಮೂಲೆಯಲ್ಲಿ ನಿಂತು ಮಾಕ್ಸಿಮ್ ಕುಡಿಯುತ್ತಿದ್ದ. ಕಾಸಿಮಾಲಿ ಅವರ ಕುಲದ ಹಿರಿಯ, ಬಿಳಿ ಗಡ್ಡದವನು, ಫೋನಿನಲ್ಲಿ ಮಾತಾಡುವುದೇ ಅಪರೂಪ. ಮಾತಾಡಿದರೆ ಎದುರು ಬೆಟ್ಟದಲ್ಲಿರುವವನನ್ನು ಕೂಗಿದ ಹಾಗೆ.

"ಎರ್ಮೆಕ್, ಎಲ್ಲಿದೀಯ? ಕೂತಿದೀಯೋ ನಿಂತಿದೀಯೋ?"

"ನಿಂತಿದೀನಿ ಅಜ್ಜಾ."

"ಏನಾದ್ರೂ ಹಿಡ್ಕೊಂಡು ನಿಂತ್ಕೋ. ನೀನು ಗಂಡಸು." ಆಮೇಲೆ ಅಜ್ಜ ದನಿ ತಗ್ಗಿಸಿದ. "ನಿಮ್ಮಪ್ಪನೂ ಹೋದ. ನಮ್ಮಪ್ಪಂದಿರೂ ಹೋದ್ರು. ಯಾರ ಹಣೇಲಿ ಎಲ್ಲಿಯ ಮಣ್ಣು ಬರೆದಿದೆಯೋ. ನಿನ್ನ ಮಾವ ಸತಾರ್‌ದು ಅಲ್ಲಿಯ ಅನ್ನದ ಋಣ ತೀರ್ತು ಮಗಾ. ಮಲಗಿದ್ದವನು ಏಳಲಿಲ್ಲವಂತೆ. ರಷ್ಯಾದಲ್ಲೇ."

ಎರ್ಮೆಕ್ ಲೋಟವನ್ನು ಹಿಡಿದುಕೊಂಡೇ ಇದ್ದ. ಲೋಟ ತಣ್ಣಗಿತ್ತು. ಅದು ಗೊತ್ತಾಗುತ್ತಿತ್ತು.

"ಕುಲಿಪಾಗೆ ಹೇಳಿಲ್ಲ. ನೀನು ಬಾಯಿ ಬಿಡಬೇಡ. ಮಧ್ಯಾಹ್ನದ ಎರಡನೇ ನಮಾಜು ಮುಗಿಸ್ಕೊಂಡು ನಾವು ನಾಲ್ಕು ಜನ ಹೋಗಿ ಕೇಳಿಸ್ತೀವಿ. ನೀನು ಅಲ್ಲಿರಬೇಕು. ಬೆನ್ನಿನ ಮೇಲೆ ಹೊತ್ತು ಸಾಕಿದ ತಮ್ಮ, ಫೋನಲ್ಲಿ ಹೇಳೋ ಮಾತಲ್ಲ ಇದು. ಅವನ ಜೊತೆ ಕೆಲಸ ಮಾಡ್ತಿದ್ನಲ್ಲ ಮಿರ್ಲಾನ್, ಆ ಕತ್ತೆ, ಬೆಳಿಗ್ಗೆ ಎದ್ದವನೇ ನಿಮ್ಮ ಕೊಂಶೂನಲ್ಲಿ ಫೋಟೋ ಸಮೇತ ಹಾಕಿಬಿಟ್ಟಿದ್ದ. ಉಗಿದು ತೆಗೆಸ್ದೆ. ಅಷ್ಟರಲ್ಲಿ ಅವನಕ್ಕ ನೋಡಿದ್ರೆ ಏನು ಗತಿ ಅಂದೆ. ದೇವರು ದೊಡ್ಡವನು, ಆ ಹೊತ್ತಲ್ಲೇ ಅದು ಕೆಟ್ಟು ಕೂತಿತ್ತಂತೆ. ನಮ್ಮ ಸೊಸೆ ಹೇಳಿದ್ಲು, ತೆಗೆದ್ರೆ ಮುಚ್ಕೊಳ್ತದೆ ತೆಗೆದ್ರೆ ಮುಚ್ಕೊಳ್ತದೆ ಅಂತ. ದೇವರೇ ಮುಚ್ಚಿದ್ದು."

ಮೀಸೆ. ಸತಾರ್‌ಗೆ ಮೀಸೆ ಇರಲಿಲ್ಲ, ತಲೆಯಲ್ಲಿ ಕೂದಲೂ ಇರಲಿಲ್ಲ. ಎರ್ಮೆಕ್ ಹುಟ್ಟುವ ಮುಂಚೆ ಇತ್ತಂತೆ. ಅವನು ಜೇಬಿನಿಂದ ಆ್ಯಪು ಪರೀಕ್ಷಿಸುವ ಇನ್ನೊಂದು ಫೋನು ತೆಗೆದು ತಳ್ಳಿದ. ಹಸು, ಸೀಟು, ಔತಣ, ಹುಲ್ಲು. ಮುಖ ನೆಟ್ಟಗೆ ಬಂತು. ಹುಬ್ಬುಗಳು ಅಪಾಳವು. ಈಗ ಮೊದಲ ಸಲ ಓದಿದ, ನಮ್ಮ ಸತಾರ್ ಅಣ್ಣ ಎಂದು ಶುರುವಾಗುವ ಆ ಬರಹವನ್ನು. ಓದುತ್ತಾ ಇದ್ದಾಗಲೂ ಕಣ್ಣು ಅಂಚಿನ ಕಡೆಗೆ ಹೋಯಿತು, ಅಕ್ಷರ ಕತ್ತರಿಸಿದೆಯೇ ಎಂದು. ಮಾಕ್ಸಿಮ್‌ನ ಹೆಂಗಸು, "ಲೋಟ ಕೊಟ್ಟು ಹೋಗಪ್ಪಾ," ಅಂದಳು. ಕೊಟ್ಟ.

ಕೇಳಿಸುವುದು ಅಂದರೆ ಏನು ಎಂದು ಅವನಿಗೆ ಹೇಳಿಕೊಡಬೇಕಾಗಿರಲಿಲ್ಲ. ಅಪ್ಪನದನ್ನು ಅಪಾಗೆ ಕೇಳಿಸಿದಾಗ ಅವನು ಬಾಗಿಲ ಬಳಿ ನಿಂತಿದ್ದ. ಹಿರಿಯರು ಬಂದು ಕೂತು ಮೊದಲು ಬೇರೆಯವರ ಸಾವುಗಳನ್ನೆಲ್ಲ ಹೇಳುತ್ತಾರೆ, ಒಂದೊಂದಾಗಿ, ದೂರದಿಂದ ಹತ್ತಿರಕ್ಕೆ. ಇಬ್ಬರು ಹೆಂಗಸರು ಆಚೀಚೆ ಬಂದು ಕೂರುತ್ತಾರೆ. ಕೊನೆಯ ಮಾತು ಬಾಯಿಂದ ಬೀಳುವ ಹೊತ್ತಿಗೆ ತೋಳುಗಳನ್ನು ಹಿಡಿಯಲು ಕೈಗಳಿರುತ್ತವೆ, ಮುಖಕ್ಕೆ ನೀರಿರುತ್ತದೆ. ಒಂಟಿಯಾಗಿ, ಒಲೆಯ ಮುಂದೆ, ಹಿಟ್ಟಿನ ಕೈಯಲ್ಲಿ ಯಾರೂ ಅದನ್ನು ಕೇಳಬಾರದು.

ಕಚೇರಿಗೆ ಓಡಲಿಲ್ಲ, ನಡೆದೇ ಹೋದ. ವೆನೇರಾಗೆ ಹೇಳುವಾಗ ಅವನ ದನಿ ಬೆಳಗಿನ ದನಿಯೇ ಆಗಿತ್ತು, ಒಂದು ದೋಷದ ಬಗ್ಗೆ ಹೇಳಿದ ಹಾಗೆ. ಅವಳು ಅವನ ಕುರ್ಚಿಯಲ್ಲಿ ಕೂತು ಕೆಲಸ ಶುರುಮಾಡಿದಳು. "ಕಳಿಸಿದ್ದನ್ನ ವಾಪಸ್ ತಗೋತೀನಿ. ಇನ್ನೂ ತೆರೆಯದೇ ಇರೋರಿಗೆ ಕಾಣಲ್ಲ. ತೆರೆದುಬಿಟ್ಟಿರೋರಿಗೆ..." ತಿರುಗದೆಯೇ ಕೇಳಿದಳು, "ಯಾರ್ಯಾರ ಫೋನಲ್ಲಿ ತೆರೆದಿದೆ ಅಂತ ಇಲ್ಲಿ ಗೊತ್ತಾಗುತ್ತೆ. ನಿಮ್ಮಮ್ಮಂದು ನೋಡ್ಲಾ?"

"ಬೇಡಕ್ಕಾ."

"ನೋಡಿದ್ರೆ ನಿಂಗೊಂದು ನೆಮ್ಮದಿ ಆಗಬಹುದು."

"ಬೇಡ," ಅಂದ. ಕುರಿ ದೊಡ್ಡಿಯೊಳಗೆ ಹೋಗಿಯಾಗಿತ್ತು, ಅಥವಾ ಹೋಗಿರಲಿಲ್ಲ. ಮತ್ತೆ ಹೊರಗೆ ಹೊಡೆದು ಎಣಿಸಲು ಅವನಿಗೆ ಆಗುತ್ತಿರಲಿಲ್ಲ.

ಊರಿನ ಕಡೆ ಹೋಗುವ ಬಾಡಿಗೆ ಕಾರಿನಲ್ಲಿ ಹಿಂದಿನ ಸೀಟಿನ ನಡುವೆ ಜಾಗ ಸಿಕ್ಕಿತು. ಒಂದು ಕಡೆ ಮಲಗಿದ್ದ ಸೈನಿಕ, ಇನ್ನೊಂದು ಕಡೆ ತೊಡೆಯ ಮೇಲೆ ದೊಡ್ಡ ಚೀಲ ಇಟ್ಟುಕೊಂಡ, ಹೂವಿನ ಅಂಚಿನ ತಲೆವಸ್ತ್ರದ ಹೆಂಗಸು. ಚಾಲಕ ಹೊರಡುವ ಮುಂಚೆಯೇ, "ಚೀಲಕ್ಕೂ ಟಿಕೆಟ್ಟು ತಗೋಬೇಕಿತ್ತು ಅತ್ತಿಗೆ," ಎಂದು ತಮಾಷೆ ಮಾಡಿದ. "ನಿನ್ನ ಹೊಟ್ಟೆಗೆ ತಗೊಂಡಿದೀಯಾ?" ಅಂದಳು ಆಕೆ. ಎಲ್ಲರೂ ನಕ್ಕರು. ಎರ್ಮೆಕ್‌ನ ತುಟಿಯೂ ಅಗಲವಾಯಿತು. ಅಪಾಗೆ ಫೋನು ಮಾಡಬೇಕೆಂದುಕೊಂಡ. ಮಾಡಿ ಏನು ಕೇಳುವುದು? ತೆರೆದೆಯಾ ಎಂದು ಕೇಳಿದರೆ ಅದೇ ಹೇಳಿದ ಹಾಗಾಗುತ್ತದೆ. ತೆರೆಯಬೇಡ ಅಂದರೂ ಹೇಳಿದ ಹಾಗೆಯೇ. ಆದರೂ ಬೆರಳು ಒತ್ತಿತ್ತು, ಅವಳು ಎತ್ತಿದಳು.

"ಅಪಾ, ಏನ್ ಮಾಡ್ತಿದೀಯ?"

"ಕರೀತಿದೀನಿ." ಎಣ್ಣೆಯ ಸದ್ದು ಕೇಳುತ್ತಿತ್ತು. "ನೀನು ಉಂಡ್ಯಾ?"

"ಉಂಡೆ. ನಾನು ಬರ್ತಿದೀನಿ. ಹಾಗೇ. ರಜಾ ಸಿಕ್ತು."

ಎಣ್ಣೆ ಚುರುಗುಟ್ಟಿತು. "ಬಾ," ಅಂದಳು. ಗುರುವಾರ ರಜೆಯೇನೋ ಎಂದು ಕೇಳಲಿಲ್ಲ. ಎಷ್ಟು ದಿನ ಎಂದೂ ಕೇಳಲಿಲ್ಲ. "ದಪ್ಪನೆ ಕೋಟು ಹಾಕ್ಕೊಂಡು ಬಾ, ಇಲ್ಲಿ ಗಾಳಿ."

ಬೂಮ್ ಕಣಿವೆಯಲ್ಲಿ ರಸ್ತೆ ನದಿಯ ಪಕ್ಕಕ್ಕೆ ಇಳಿಯಿತು. ಬಂಡೆಗಳು ಒಂದರ ಹಿಂದೊಂದು ಕಿಟಕಿಯಲ್ಲಿ ಮೇಲೆದ್ದು ಹಿಂದಕ್ಕೆ ಹೋಗುತ್ತಿದ್ದವು. ಅವೇ ಬಂಡೆಗಳನ್ನು ತೊಳೆದು ತೊಳೆದು ಮತ್ತೆ ಮುಂದಿಡುತ್ತಿದ್ದಾರೆ ಅನ್ನಿಸಿತು. ಅವಳು ಯಾಕೆ ಕೇಳಲಿಲ್ಲ? ಕೈ ಬಿಡುವಿರಲಿಲ್ಲ, ಅದಕ್ಕೆ. ಸತಾರ್ ರಷ್ಯಾಕ್ಕೆ ಹೊರಡುವ ಹಿಂದಿನ ದಿನ ಅವರ ಮನೆಯಲ್ಲಿ ಕುರಿ ಕಡಿದಿದ್ದರು. ಉಂಡಾದ ಮೇಲೆ ಅಪಾ ಎಲ್ಲರಿಗೂ ಮಗನ ಆ್ಯಪು ತೋರಿಸಲು ಹೋಗಿ ಫೋನನ್ನು ತಮ್ಮನ ಕೈಗೆ ಕೊಟ್ಟಿದ್ದಳು. ಸತಾರ್ ತನ್ನ ಒರಟು ಹೆಬ್ಬೆರಳಿನಿಂದ ಒಮ್ಮೆ ತಳ್ಳಿದ್ದೇ ತಡ ಅದು ಮುಚ್ಚಿಕೊಂಡಿತು. "ಇದಕ್ಕೆ ಸಂಬಳ ಕೊಡ್ತಾರೇನೋ ಅಳಿಯಾ? ಬೆರಳು ಮೇಲಕ್ಕೆ ಕೆಳಕ್ಕೆ ಆಡ್ಸೋಕೆ? ನಾನು ನಲವತ್ತು ವರ್ಷದಿಂದ ಆಡ್ಸ್ತಿದೀನಿ ಕುದುರೆ ಮೈ ಮೇಲೆ, ಯಾರೂ ಒಂದು ಬಿಡಿಗಾಸು ಕೊಡಲಿಲ್ಲ." ಇಡೀ ಮನೆ ನಕ್ಕಿತು. ಎರ್ಮೆಕ್ ಮೂಳೆ ಚೀಪುತ್ತಾ ಅದನ್ನೇ ನೋಡುತ್ತಿದ್ದ. ಅಪಾ ಮಾತ್ರ ಫೋನು ಕಿತ್ತುಕೊಂಡು, "ನಿನ್ನ ಕೈಗೇ ಬರಗಾಲ, ನನಗೆ ಮುಚ್ಕೊಳ್ಳಲ್ಲ," ಎಂದು ಸುಳ್ಳು ಹೇಳಿದ್ದಳು. ಅವಳಿಗೂ ಮುಚ್ಚಿಕೊಳ್ಳುತ್ತಿತ್ತು.

ಪಕ್ಕದ ಹೆಂಗಸು ಚೀಲದ ಮೇಲೆ ಫೋನು ಇಟ್ಟು ತಳ್ಳುತ್ತಿದ್ದಳು. ಹಸು, ಸೀಟು, ಔತಣ. ಎರ್ಮೆಕ್ ಕಿಟಕಿಯ ಕಡೆ ನೋಡಿದ, ಆದರೂ ಆ ಹೆಬ್ಬೆರಳು ಕಣ್ಣ ಅಂಚಿನಲ್ಲಿ ಇತ್ತು. ವೆನೇರಾ ವಾಪಸ್ ತೆಗೆದುಕೊಳ್ಳುವ ಮುಂಚೆಯೇ ಅವಳು ತೆರೆದುಬಿಟ್ಟವಳು. ಹುಲ್ಲು. ನಿಂತಿತು.

"ಅಯ್ಯೋ ದೇವರೇ," ಅಂದಳು. "ಇದು ಆ ಸತಾರ್ ಅಲ್ವಾ, ಕುದುರೆ ಸತಾರ್? ಕುಲಿಪಾ ತಮ್ಮ? ಬೆಳಿಗ್ಗೆ ನಮ್ಮ ಓರಗಿತ್ತಿ ಅಂದಿದ್ಲು, ಅಕ್ಕನಿಗಿನ್ನೂ ಕೇಳಿಸಿಲ್ಲ, ಅದಕ್ಕೆ ತೆಗೆಸಿದಾರೆ ಅಂತ. ಮತ್ತೆ ಹಾಕಿದಾರೆ ನೋಡಿ. ಹಾಗಾದ್ರೆ ಕೇಳಿಸಿ ಆಯ್ತು ಅಂತ ಕಾಣುತ್ತೆ."

ಚಾಲಕ ಸ್ಟೀರಿಂಗ್‌ನಿಂದ ಕೈಯೆತ್ತಿ ಮುಖ ಸವರಿಕೊಂಡು, ದೇವರು ಸ್ವರ್ಗ ಕೊಡಲಿ ಎಂದ. ಹೆಂಗಸೂ ಸವರಿಕೊಂಡಳು. ಸೈನಿಕ ಎಚ್ಚರಾಗಿ ಯಾಕೆಂದು ತಿಳಿಯದೆಯೇ ಸವರಿಕೊಂಡ. ಎರ್ಮೆಕ್‌ನ ಕೈಗಳು ತಾವಾಗಿಯೇ ಎದ್ದು ಮುಖದ ಮೇಲೆ ಇಳಿದವು.

"ನಿಮಗೆ ಪರಿಚಯಾನಾ?" ಅಂದಳು ಹೆಂಗಸು.

"ಊರಿನವರು."

"ಒಳ್ಳೆ ಮನುಷ್ಯ. ಬಾಯಿ ಮಾತ್ರ ಕೆಟ್ಟದ್ದು." ಸ್ವಲ್ಪ ದೂರ ಹೋದ ಮೇಲೆ, "ಫೋಟೋ ಚೆನ್ನಾಗಿ ಬಂದಿದೆ," ಅಂದಳು.

ಮನೆಯ ಮುಂದೆ ಇಳಿಯುವ ಹೊತ್ತಿಗೆ ಬಿಸಿಲು ಬೆಟ್ಟದ ಕಡೆಗೆ ವಾಲಿತ್ತು. ಬೇಲಿಯ ಹತ್ತಿರ ಕಾಸಿಮಾಲಿ ಅಜ್ಜ ಇನ್ನೂ ಮೂವರು ಹಿರಿಯರ ಜೊತೆ ನಿಂತಿದ್ದ, ಒಗೆದ ಟೋಪಿ, ಹೊಳೆಯುವ ಬೂಟು. ಹಿಂದೆ ಇಬ್ಬರು ನೆರೆಮನೆಯ ಹೆಂಗಸರು ಕೈಗಳನ್ನು ಕೋಟಿನ ತೋಳಿನೊಳಗೆ ಸೇರಿಸಿಕೊಂಡು ನಿಂತಿದ್ದರು. ಅಜ್ಜ ಅವನ ಭುಜ ಹಿಡಿದು ಒಮ್ಮೆ ಗಟ್ಟಿಯಾಗಿ ಅಮುಕಿ, "ಅವಳಿಗೇನೂ ಗೊತ್ತಿಲ್ಲ, ನೀನು ಮುಖದಲ್ಲಿ ತೋರಿಸ್ಬೇಡ," ಎಂದು ಪಿಸುಗುಟ್ಟಿದ. ತೋರಿಸುವಂಥದ್ದು ಏನೂ ಅವನ ಮುಖದಲ್ಲಿ ಇರಲಿಲ್ಲ. ಅಂಗಳದ ತುಂಬ ಕರಿದ ಎಣ್ಣೆಯ ಘಮ.

ಅಪಾ ಬಾಗಿಲು ತೆಗೆದಳು. ಶುಭ್ರ ತಲೆವಸ್ತ್ರ ಕಟ್ಟಿದ್ದಳು. ಹಿರಿಯರನ್ನು ನೋಡಿ, "ಬನ್ನಿ ಬನ್ನಿ, ದಾರಿ ತಪ್ಪಿ ಬಂದಿರಾ?" ಅಂದಳು. ಮಗನ ಹಣೆ ಮೂಸಿದಳು. ಒಳಗೆ ಹೋದವನು ನೆಲದ ಮೇಲೆ ಹಾಸಿದ ಊಟದ ಬಟ್ಟೆಯನ್ನು ನೋಡಿ ನಿಂತ. ಗುರುವಾರದ ಬೋರ್ಸೋಕ್ ಒಂದು ತಟ್ಟೆಯಷ್ಟಿರುತ್ತದೆ. ಇಲ್ಲಿ ಬಟ್ಟೆಯ ಉದ್ದಕ್ಕೂ ಅಂಚಿನಿಂದ ಅಂಚಿಗೆ ಹರಡಿತ್ತು, ಕೆನೆಯ ಬಟ್ಟಲುಗಳು, ಜಾಮು, ಗೋಡೆಯ ಉದ್ದಕ್ಕೂ ಮಡಿಸಿಟ್ಟ ಹಾಸುಗೆಗಳನ್ನೆಲ್ಲ ಬಿಡಿಸಿ ಕೂರಲು ಹಾಕಿತ್ತು. ಒಂದು ಇಡೀ ಕುಲ ಬಂದು ಕೂತರೂ ಸಾಲುವಷ್ಟು. ಕಾಸಿಮಾಲಿ ಅಜ್ಜ ಅದನ್ನು ನೋಡಿದಂತೆ ಕಾಣಲಿಲ್ಲ. ಅವನು ಬೆಳಗಿನಿಂದ ಜೋಡಿಸಿಕೊಂಡು ಬಂದಿದ್ದ ಮಾತುಗಳನ್ನು ಚೆಲ್ಲದಂತೆ ಒಯ್ಯುತ್ತಿದ್ದವನ ಹಾಗೆ ಮೆಲ್ಲಗೆ ಕೂತ. ಇಬ್ಬರು ಹೆಂಗಸರು ಅಪಾಳ ಆಚೀಚೆ ಕೂತರು. ಅಪಾ ಜಾಗ ಮಾಡಿಕೊಟ್ಟಳು.

ಅಜ್ಜ ಶುರುಮಾಡಿದ. ಹಳೆಯ ಖಾನರಿಂದ ಹಿಡಿದು ಯಾರೂ ಉಳಿಯಲಿಲ್ಲ ಎಂದ. ಅವಳ ಅಜ್ಜನ ಹೆಸರು ಹೇಳಿದ, ಅಪ್ಪನ ಹೆಸರು ಹೇಳಿದ, ಗಂಡನ ಹೆಸರು ಹೇಳಿದ. ಅಪಾ ಚಹಾ ಬಗ್ಗಿಸುತ್ತಿದ್ದಳು. ಬಟ್ಟಲು ಒಬ್ಬರಿಂದ ಒಬ್ಬರಿಗೆ ಹೋಗಿ ಖಾಲಿಯಾಗಿ ಅವಳ ಬಳಿಗೆ ಬರುತ್ತಿತ್ತು, ಅವಳು ಮತ್ತೆ ತುಂಬಿಸಿ ಕಳಿಸುತ್ತಿದ್ದಳು. ಒಂದು ಹನಿಯೂ ಚೆಲ್ಲಲಿಲ್ಲ. ಎರ್ಮೆಕ್ ಬಾಗಿಲ ಬಳಿ ಕೂತಿದ್ದ. ಅವನ ಮೊಣಕೈಯ ಪಕ್ಕದ ಕಿಟಕಿಯ ಕಟ್ಟೆಯ ಮೇಲೆ ಅವಳ ಫೋನು ಇತ್ತು. ಗಾಜು ಕಪ್ಪಗಿತ್ತು. ಗಾಜಿನ ಮೇಲೆ, ಕೆಳಗಿನಿಂದ ಮೇಲಕ್ಕೆ, ಒಣಗಿದ ಹಿಟ್ಟಿನ ಒಂದು ಗೆರೆ. ಹೆಬ್ಬೆರಳಿನ ಅಗಲ. ಅದರ ಪಕ್ಕದಲ್ಲಿ ಇನ್ನೊಂದು. ಇನ್ನೊಂದು. ಕೊನೆಯದು ಅರ್ಧಕ್ಕೆ ನಿಂತಿತ್ತು.

"...ಹಾಗೇ ನಿನ್ನ ತಮ್ಮ ಸತಾರ್ ಕೂಡ," ಅಂದ ಕಾಸಿಮಾಲಿ ಅಜ್ಜ, "ಹೊರಟುಹೋದ ಕುಲಿಪಾ. ಗಟ್ಟಿ ಮಾಡ್ಕೋ."

ಹೆಂಗಸರ ಕೈಗಳು ಅವಳ ತೋಳುಗಳನ್ನು ಹಿಡಿದವು. ಅಪಾ ಕೈಯಲ್ಲಿದ್ದ ಬಟ್ಟಲನ್ನು ಕೆಳಗಿಟ್ಟಳು, ಇಡುವುದಕ್ಕೆ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ತೆಗೆದುಕೊಂಡಳು. ಆಮೇಲೆ ಅವಳ ಬಾಯಿಂದ ಬಂದ ಕೂಗಿಗೆ ಹಿರಿಯರೆಲ್ಲ ತಲೆ ತಗ್ಗಿಸಿದರು. ಒಲೆಯ ಹಿಂದಿನ ಗೋಡೆಗೆ ಮುಖ ಮಾಡಿ, ಸೊಂಟಕ್ಕೆ ಕೈ ಊರಿ, ಹೆಣ್ಣುಮಕ್ಕಳು ಸತ್ತವರಿಗೆ ಹಾಡುವ ಅಳುಹಾಡು ಹಿಡಿದಳು. ನನ್ನ ಬೆನ್ನಿನ ಮೇಲೆ ನಿನ್ನ ಮೊಣಕಾಲಿನ ಗುರುತು ಇನ್ನೂ ಇದೆಯಲ್ಲೋ, ಬೆನ್ನು ಬಿಟ್ಟು ಯಾವ ಚಳಿಯ ಊರಲ್ಲಿ ಮಲಗಿದೆಯೋ. ಕುದುರೆಗಳು ತಲೆಯೆತ್ತಿ ನಿನ್ನ ಸಿಳ್ಳೆ ಕೇಳುತ್ತವಲ್ಲೋ, ನಾನೇನೆಂದು ಹೇಳಲೋ. ಸಾಲುಗಳು ಒಂದನ್ನೊಂದು ಹಿಡಿದುಕೊಂಡು ಬರುತ್ತಿದ್ದವು, ಎಲ್ಲೂ ತಡವರಿಸದೆ. ಈಗ ತಾನೇ ಕೇಳಿದವಳಿಗೆ ಅಷ್ಟು ಸಾಲು ಇಷ್ಟು ಬೇಗ ಬರುವುದಿಲ್ಲ. ಒಲೆಯ ಮುಂದೆ, ಎಣ್ಣೆಯಲ್ಲಿ ಹಿಟ್ಟು ಉಬ್ಬುವುದನ್ನು ನೋಡುತ್ತಾ, ಒಬ್ಬಳೇ, ಬಾಯೊಳಗೇ ಕಟ್ಟಿಕೊಂಡ ಸಾಲುಗಳು. ಅವನು ಫೋನು ಮಾಡಿದಾಗಲೂ ಕಟ್ಟುತ್ತಿದ್ದಳು. ಉಂಡ್ಯಾ ಎಂದು ಕೇಳಿದ್ದಳು.

ಹಿರಿಯರು ಶವ ತರಿಸುವ ಮಾತಾಡಲು ಅಂಗಳಕ್ಕೆ ಇಳಿದರು. ಹೆಂಗಸರು ಇನ್ನಷ್ಟು ಹಾಸುಗೆ ತರಲು ಹೋದರು. ಮುಖಕ್ಕೆ ನೀರು ಕೊಡಬೇಕಾದವನು ಮಗ. ಎರ್ಮೆಕ್ ತಂಬಿಗೆ ಹಿಡಿದು ಅವಳ ಪಕ್ಕ ಮಂಡಿಯೂರಿದ. ಅವಳು ಗೋಡೆಯ ಕಡೆಗೇ ತಿರುಗಿದ್ದಳು. ದನಿ ಒಣಗಿತ್ತು, ಆದರೆ ಬೆಳಗಿನ ದನಿಯೇ.

"ಈಗ ಮುಚ್ಕೊಳ್ಳಲ್ಲ ಅದು," ಅಂದಳು. "ಕೊನೇ ತನಕ ಹೋಗ್ತದೆ."

ಅವನು ನೀರು ಬಗ್ಗಿಸಿದ. ಅವಳ ಬೊಗಸೆ ತುಂಬಿತು.

"ಮುಖಗಳೂ ನೆಟ್ಟಗಾಗಿವೆ. ಮೊದಲು ಎಲ್ಲಾರ್ದೂ ಎಳೆದ ಹಿಟ್ಟಿನ ಥರ ಇರ್ತಿತ್ತು."

"ಅಪಾ, ನಾನು..."

"ಸುಮ್ನಿರು." ಮುಖಕ್ಕೆ ನೀರು ಎರಚಿಕೊಂಡಳು. "ಆ ಮುದುಕ ನಮಾಜು ಮಾಡಿ, ಟೋಪಿ ಒಗೆಸಿಕೊಂಡು ಬಂದಿದಾನೆ. ಅವನೇ ಕೇಳಿಸಿದ್ದು. ತಿಳೀತಾ? ಅವನ ಬಾಯಿಂದ್ಲೇ ನಾನು ಕೇಳಿದ್ದು."

ಅವಳ ಬಲಗೈ ಹೆಬ್ಬೆರಳಿನ ಉಗುರಿನ ಸಂದಿಯಲ್ಲಿ ಹಿಟ್ಟು ಕೂತಿತ್ತು. ಅವನು ಅದರ ಮೇಲೆ ಇನ್ನೊಂದಿಷ್ಟು ನೀರು ಬಿಟ್ಟ. ಹೋಗಲಿಲ್ಲ.

ಹೊರಗೆ ಕುದುರೆಯ ಗೊರಸಿನ ಸದ್ದಾಯಿತು. ಮೇಲಿನ ಊರಿನ ನೆಂಟರು, ಸುದ್ದಿ ತಿಳಿದು, ಬೇಲಿ ದಾಟುವ ಮುಂಚೆಯೇ ಗಂಡಸರು ಗಟ್ಟಿಯಾಗಿ ಅಳುತ್ತಾ ಬರುತ್ತಿದ್ದರು. ಅಪಾ ತಲೆವಸ್ತ್ರ ಸರಿಮಾಡಿಕೊಂಡು, ಉಸಿರೆಳೆದುಕೊಂಡು, ಅಳುಹಾಡನ್ನು ಮೊದಲ ಸಾಲಿನಿಂದ ಮತ್ತೆ ಶುರುಮಾಡಿದಳು. "ಹೋಗು," ಎಂದು ಸಾಲುಗಳ ನಡುವೆ ಅವನಿಗೆ ಹೇಳಿದಳು, "ಬಾಗಿಲಲ್ಲಿ ಯಾರೂ ಇಲ್ಲ."

ಸತ್ತವರ ಮನೆಯ ಗಂಡಸು ಬಾಗಿಲ ಹೊರಗೆ ಕೋಲೂರಿ ಬಗ್ಗಿ ನಿಂತು, ಬಂದವರಿಗೆ ಎದುರಾಗಿ ಗಟ್ಟಿಯಾಗಿ ಅಳಬೇಕು. ಯಾರೋ ಅವನ ಕೈಗೆ ಕೋಲು ಕೊಟ್ಟರು. ಕಾಸಿಮಾಲಿ ಅಜ್ಜ ಪಕ್ಕದಲ್ಲಿ ನಿಂತು ಅವನನ್ನೇ ನೋಡುತ್ತಿದ್ದ. ನೆಂಟರು ಅಂಗಳದೊಳಗೆ ಕಾಲಿಟ್ಟರು, ಒಬ್ಬರ ಹಿಂದೊಬ್ಬರು, ಬೇಲಿಯ ಕಿರಿದಾದ ಬಾಯಿಂದ. ಅವನು ಅವರ ಮುಖಗಳನ್ನು ನೋಡಲಿಲ್ಲ, ಕಾಲುಗಳನ್ನು ನೋಡಿದ. ಎದೆಯಲ್ಲಿ ಹುಡುಕಿದ, ಏನೂ ಇರಲಿಲ್ಲ. ಬಾಯಿ ತೆರೆದ. ಅಯ್ಯೋ ನನ್ನ ಮಾವಾ, ನನ್ನ ಬೆಟ್ಟವೇ ಎಂಬ ದನಿ ಬಂತು. ಎಷ್ಟು ಗಟ್ಟಿಯಾಗಿ ಬರಬೇಕೋ ಅಷ್ಟು ಗಟ್ಟಿಯಾಗಿ, ಎಲ್ಲೂ ನಿಲ್ಲದೆ, ಕೊನೆಯ ತನಕ ಬಂತು.